ಪಕ್ಕದ ಖಾಲಿ ಮನೆ

ವಾಕ್ಯಭಾಗ: ಮತ್ತಾಯ 12:43–45, ಪ್ರಸಂಗಿ 10:18, ನೆಹೆಮೀಯ 1 ಮತ್ತು 3ನೇ ಅಧ್ಯಾಯ

  

ಪ್ರಿಯರೇ, ನಮ್ಮ ಅಬಲೂರನ್ನು ಸರ್ವಜ್ಞನ ಊರು ಅಂತ ನಾಡಿನ ಜನ ಹೇಳ್ತಾರೆ. ಮನೆ ಬಿಟ್ಟು ಊರೂರು ತಿರುಗಿದ ಕವಿಯ ಊರು. ಈಗ ಇದು ಮನೆ ಬಿಟ್ಟು ಹೋದವರ ಊರೂ ಆಗ್ತಾ ಇದೆ. ಮಕ್ಕಳು ಬೆಂಗಳೂರಲ್ಲಿ, ಗೋವಾದಲ್ಲಿ ದುಡೀತಾರೆ. ಊರಲ್ಲಿದ್ದ ತಂದೆತಾಯಿ ತೀರಿಕೊಂಡರು. ಬಾಗಿಲಿಗೆ ಕೀಲಿ ಬಿತ್ತು. ನಿಮ್ಮ ಓಣಿಯಲ್ಲೂ ಅಂಥ ಮನೆ ಒಂದಿದೆ, ಹೌದಿಲ್ಲೋ?

ನಮ್ಮ ಮನೆಯ ಪಕ್ಕದಲ್ಲೇ ಒಂದಿದೆ. ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಮನೆಯಿಂದ ದೇವರು ನನಗೆ ಕಲಿಸಿದ ಮೂರು ಮಾತುಗಳನ್ನು ಇವತ್ತು ಹೇಳ್ತೀನಿ. ಮೂರನೆಯದನ್ನು ಹೇಳೋಕೆ ನನಗೇ ನಾಚಿಕೆ. ಆದರೂ ಹೇಳಬೇಕು.

ಮೊದಲನೆಯದು: ಖಾಲಿ ಮನೆ ಖಾಲಿಯಾಗಿ ಉಳಿಯುವುದಿಲ್ಲ.

ಮತ್ತಾಯ 12ನೇ ಅಧ್ಯಾಯದಲ್ಲಿ ಕರ್ತನಾದ ಯೇಸು ಒಂದು ಮನೆಯ ವಿಷಯ ಹೇಳಿದ. ದುರಾತ್ಮ ಒಬ್ಬ ಮನುಷ್ಯನನ್ನು ಬಿಟ್ಟು ಹೋಯಿತು. ತಿರುಗಿ ಬಂದು ನೋಡಿದರೆ ಆ ಮನೆ ಗುಡಿಸಿ ಚೊಕ್ಕಟವಾಗಿತ್ತು. ಕೊಳಕು ಇರಲಿಲ್ಲ, ಕಳ್ಳತನ ಇರಲಿಲ್ಲ. ಹಾಗಾದರೆ ತಪ್ಪು ಏನಿತ್ತು? ಒಳಗೆ ಯಾರೂ ಇರಲಿಲ್ಲ, ಅಷ್ಟೇ. ಅದು ಇನ್ನೂ ಏಳು ದುರಾತ್ಮಗಳನ್ನು ಕರೆದುಕೊಂಡು ಬಂತು.

ನಮ್ಮ ಪಕ್ಕದ ಮನೆಯೂ ಹಾಗೇ. ಮೊದಲ ವರ್ಷ ಅಂಗಳದಲ್ಲಿ ಕಾಂಗ್ರೆಸ್ ಕಸ ಬೆಳೆಯಿತು. ಎರಡನೇ ವರ್ಷ ಇಲಿ ಬಂದವು, ಇಲಿ ಹಿಂದೆ ಹಾವು ಬಂತು. ಹಿತ್ತಲಲ್ಲಿ ಬಿಟ್ಟು ಹೋಗಿದ್ದ ಹಳೆ ಬಕೆಟ್‌ನಲ್ಲಿ ಮಳೆನೀರು ನಿಂತಿತು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರೋಕೆ ಎಂಟು ಹತ್ತು ದಿನ ಸಾಕು. ಇವನ್ನೆಲ್ಲಾ ಯಾರೂ ಕರೆಯಲಿಲ್ಲ. ಯಾರೂ ತಡೆಯಲಿಲ್ಲ, ಅದಕ್ಕೇ ಬಂದವು.

ಸಹೋದರರೇ, ಕುಡಿಯೋದು ಬಿಟ್ಟಿದ್ದೀರಿ, ಇಸ್ಪೀಟು ಬಿಟ್ಟಿದ್ದೀರಿ, ದೇವರಿಗೆ ಸ್ತೋತ್ರ. ಆದರೆ ಬಿಟ್ಟ ಜಾಗದಲ್ಲಿ ಯಾರು ವಾಸವಾಗಿದ್ದಾರೆ? ಗುಡಿಸಿದ ಮನೆಯಲ್ಲಿ ಪವಿತ್ರಾತ್ಮನು ವಾಸ ಮಾಡದಿದ್ದರೆ ಆ ಜಾಗ ಬೇರೆಯವರ ಪಾಲಾಗುತ್ತದೆ. ಆಮೆನ್ ಹೇಳಿ.

ಎರಡನೆಯದು: ಮನೆ ಬೀಳೋದು ಒಂದು ಹೆಂಚಿನಿಂದ ಶುರು.

ಪ್ರಸಂಗಿ 10:18 ತೆಗೆದು ನೋಡಿರಿ. ಸೋಮಾರಿತನದಿಂದ ಮಾಳಿಗೆ ಕುಸಿಯುತ್ತದೆ, ಮನೆ ಸೋರುತ್ತದೆ ಅನ್ನೋ ಅರ್ಥದ ಮಾತು ಅಲ್ಲಿದೆ. ಸಿಡಿಲು ಬಡಿದು ಅಂತ ಹೇಳಿಲ್ಲ. ಕೈ ಜೋತುಬಿಟ್ಟು ಕೂತದ್ದರಿಂದ.

ಪಕ್ಕದ ಮನೆಯಲ್ಲಿ ಬೆಕ್ಕು ಓಡಾಡಿ ಒಂದು ಹೆಂಚು ಸರಿಯಿತು. ಜನ ಇದ್ದಿದ್ದರೆ ಅವತ್ತೇ ಪಡಸಾಲೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಯಾರಾದರೂ ಏಣಿ ಹಾಕಿ ಸರಿ ಮಾಡುತ್ತಿದ್ದರು. ಜನ ಇರಲಿಲ್ಲ. ನೀರು ರೀಪಿಗೆ ಇಳಿಯಿತು, ಗೆದ್ದಲು ಹತ್ತಿತು, ರೀಪು ಮುರಿದು ಹತ್ತಾರು ಹೆಂಚು ಬಿದ್ದವು. ಆಮೇಲೆ ಮಳೆ ನೇರವಾಗಿ ಗೋಡೆಯ ತಲೆ ಮೇಲೆ. ಮಣ್ಣಿನ ಗೋಡೆ ಬಿಸಿಲು ತಡೆಯುತ್ತದೆ, ಗಾಳಿ ತಡೆಯುತ್ತದೆ. ತಲೆಯಿಂದ ನೀರು ಇಳಿದರೆ ಮಾತ್ರ ತಡೆಯಲ್ಲ.

ಇದು ಸಣ್ಣ ಮಾತಲ್ಲ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಹಾವೇರಿ ಜಿಲ್ಲೆಯಲ್ಲಿ ಎಷ್ಟು ಮನೆ ಬಿದ್ದವು ಅಂತ ನೀವೇ ನೋಡಿದ್ದೀರಿ. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ಮನೆ ಕುಸಿದು ಮೂರು ಜನ ತೀರಿಕೊಂಡರು, ಅವರಲ್ಲಿ ಇಬ್ಬರು ಸಣ್ಣ ಮಕ್ಕಳು. ಜನ ವಾಸವಿದ್ದ ಮನೆಗೇ ಹೀಗಾದರೆ, ನೋಡೋರಿಲ್ಲದ ಮನೆಯ ಗತಿ ಏನು?

ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ಆ ನಡುಗೋಡೆ ನಮ್ಮ ಬಚ್ಚಲಮನೆ ಕಡೆಗೆ ಕುಸಿಯಿತು. ನನ್ನ ಮಗಳು ಸ್ನಾನ ಮಾಡಿ ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತಾ ಇದ್ದಳು. ಐದು ನಿಮಿಷ ಮೊದಲು ಬಿದ್ದಿದ್ದರೆ ನಾನು ಇವತ್ತು ಈ ಪ್ರಸಂಗ ಮಾಡುತ್ತಿರಲಿಲ್ಲ. ಕರ್ತನೇ, ನಿನಗೆ ಸ್ತೋತ್ರ.

ಮೂರನೆಯದು: ಆ ಮನೆ ಯಾವಾಗ ಖಾಲಿಯಾಯಿತು?

ಆ ರಾತ್ರಿ ನಾನು ಮೊಣಕಾಲೂರಿ ಪ್ರಾರ್ಥನೆ ಮಾಡಿದೆ. ಏನಂತ ಗೊತ್ತಾ? ಕರ್ತನೇ, ಆ ಮನೆಯವರಿಗೆ ಬುದ್ಧಿ ಕಲಿಸು ಅಂತ. ಬೆಳಿಗ್ಗೆ ನನ್ನ ಹೆಂಡತಿ ಕೇಳಿದಳು, "ಪ್ರಾರ್ಥನೆ ಮಾಡಿದ್ರಿ, ಛಲೋ ಆತು. ಅವರಿಗೆ ಒಂದ್ ಫೋನ್ ಮಾಡೀರೇನು?" ಮಾಡಿರಲಿಲ್ಲ. ನಂಬರೇ ನನ್ನ ಹತ್ತಿರ ಇರಲಿಲ್ಲ.

ಹುಡುಕಿ ಆ ಮನೆಯ ಹಿರೇ ಮಗನಿಗೆ ಫೋನ್ ಮಾಡಿದೆ. ನಷ್ಟದ ಲೆಕ್ಕವನ್ನೆಲ್ಲಾ ಹೇಳಿದೆ. ಅವರು ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು: "ಪಾಸ್ಟರ್, ಮಗಳಿಗೆ ಏನೂ ಆಗಲಿಲ್ಲಲ್ಲ, ಅದು ದೊಡ್ಡದು. ತಪ್ಪು ನಮ್ಮದೈತಿ. ತಮ್ಮನ ಜೋಡಿ ಪಾಲಿನ ಕೇಸು ನಡದೈತಿ, ಯಾರೂ ಕೈ ಹಚ್ಚಂಗಿಲ್ಲ. ಆದ್ರ ಒಂದ್ ಮಾತು ಕೇಳ್ತೀನಿ. ನಮ್ಮವ್ವ ಕಡೀ ಎರಡು ವರ್ಷ ಆ ಮನ್ಯಾಗ ಒಬ್ಬಾಕೀನ ಇದ್ಲು. ನೀವು ಪಕ್ಕದಾಗ ಇದ್ರಿ. ಎಷ್ಟು ಸಲ ಒಳಗ ಹೋಗಿದ್ರಿ?"

ಪ್ರಿಯರೇ, ನನ್ನ ಬಾಯಿ ಕಟ್ಟಿತು. ಎರಡು ವರ್ಷದಲ್ಲಿ ನಾನು ಆ ಹೊಸಿಲು ದಾಟಿದ್ದು ಎರಡು ಸಲ. ಯಾಕೆ? ನಾವು ಈ ಊರಿಗೆ ಬಂದ ಹೊಸತರಲ್ಲಿ ಅಜ್ಜಿ ಬಾಗಿಲಿಗೆ ಬಂದು, "ತಮ್ಮಾ, ರಾತ್ರಿ ಡ್ರಮ್ಮು ಸ್ಪೀಕರು ಸ್ವಲ್ಪ ಸಣ್ಣಗ ಹಚ್ರಿ, ನನಗ ನಿದ್ದಿ ಹತ್ತಂಗಿಲ್ಲ" ಅಂದಿದ್ದಳು. ನಾನು ಅದನ್ನು ಸೈತಾನನ ವಿರೋಧ ಅಂದುಕೊಂಡೆ. ಸಭೆಯಲ್ಲಿ ನಿಂತು ಹಾಗೇ ಹೇಳಿದೆ ಕೂಡ. ಆಕೆ ಸೈತಾನನ ಕಡೆಯವಳಲ್ಲ. ವಯಸ್ಸಾದವಳು, ನಿದ್ದೆ ಇಲ್ಲದವಳು, ಅಷ್ಟೇ.

ಮಗ ಒಪ್ಪಿಗೆ ಕೊಟ್ಟರು. ಅವರ ಸಂಬಂಧಿಕರ ಮನೆಯಿಂದ ಕೀಲಿ ತಂದು, ನಮ್ಮ ಸಭೆಯ ನಾಲ್ಕು ಯೌವನಸ್ಥರು ನಾನು ಕೂಡಿ ಒಳಗೆ ಹೋದ್ವಿ. ಪಡಸಾಲೆ ದೊಡ್ಡದಿದೆ, ಗಾಳಿ ಬೆಳಕು ಇದೆ. ಅಜ್ಜಿಯ ಮಂಚ ಅಲ್ಲಿರಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ, ಒಲೆಯ ಪಕ್ಕ ಇತ್ತು. ನಮ್ಮ ಗೋಡೆಯಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ ಎಳೆದುಕೊಂಡಿದ್ದಳು.

ಆ ಮನೆ ಅಜ್ಜಿ ಸತ್ತ ಮೇಲೆ ಖಾಲಿಯಾಗಲಿಲ್ಲ, ಪ್ರಿಯರೇ. ಆಕೆ ಇದ್ದಾಗಲೇ ನಾವು ಅದನ್ನು ಖಾಲಿ ಮನೆ ಮಾಡಿದ್ವಿ. ಸರಿದ ಮೊದಲನೇ ಹೆಂಚು ಅದು.

ನೆಹೆಮೀಯನನ್ನು ನೋಡಿ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿದಾಗ ಬಿದ್ದ ಊರಿನವರನ್ನು ಬೈಯಲಿಲ್ಲ. ಒಂದನೇ ಅಧ್ಯಾಯದಲ್ಲಿ ತಾನೂ ತನ್ನ ಮನೆತನದವರೂ ಪಾಪ ಮಾಡಿದ್ದೇವೆ ಅಂತ ಒಪ್ಪಿಕೊಂಡ. ಆಮೇಲೆ ಮೂರನೇ ಅಧ್ಯಾಯ ಓದಿ. ಎಷ್ಟೋ ಜನ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು. ಹಾಗೆ ಕಟ್ಟಿದ್ದಕ್ಕೆ 52 ದಿನದಲ್ಲಿ ಪೂರ್ತಿ ಗೋಡೆ ಎದ್ದಿತು.

ನಾವೂ ಕಸ ಕಿತ್ತೆವು, ಬಕೆಟ್ ಬೋರಲು ಹಾಕಿದೆವು, ಮೇಲೆ ತಾಡಪತ್ರಿ ಹೊದಿಸಿದೆವು. ಗೋಡೆಯ ಅರ್ಧ ಖರ್ಚು ಹಿರೇ ಮಗ ಕೊಟ್ಟರು. ಕೇಸು ಇನ್ನೂ ಮುಗಿದಿಲ್ಲ, ಮನೆ ಇವತ್ತಿಗೂ ಖಾಲಿ ಇದೆ. ಅವತ್ತಿನಿಂದ ರಾತ್ರಿ ಪ್ರಾರ್ಥನೆಗೆ ನಾವು ಸ್ಪೀಕರ್ ಹಚ್ಚುತ್ತಿಲ್ಲ. ದೇವರಿಗೆ ಕಿವಿ ಚೆನ್ನಾಗಿ ಕೇಳುತ್ತದೆ.

ಈ ವಾರ ಏನು ಮಾಡೋಣ? ನಿಮ್ಮದೇ ಮನೆ ಬೇರೆ ಊರಲ್ಲಿ ಕೀಲಿ ಬಿದ್ದಿದ್ದರೆ ಮಳೆ ಜೋರಾಗೋ ಮೊದಲು ಹೋಗಿ ಹೆಂಚು ನೋಡಿ. ಧರ್ಮೋಪದೇಶಕಾಂಡ 22:8ರಲ್ಲಿ ಮನೆ ಕಟ್ಟಿದವನು ಮಾಳಿಗೆಗೆ ಅಡ್ಡಗೋಡೆ ಕಟ್ಟಬೇಕು, ಯಾರಾದರೂ ಬಿದ್ದರೆ ದೋಷ ಅವನ ಮನೆ ಮೇಲೆ ಅಂತಿದೆ. ಪಕ್ಕದ ಖಾಲಿ ಮನೆಯಿಂದ ನಿಮಗೆ ತೊಂದರೆ ಇದ್ದರೆ ಬೈಯೋ ಮೊದಲು ಫೋನ್ ಮಾಡಿ. ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಬೇಡಿ. ಗೋಡೆ ಅಪಾಯ ಅನಿಸಿದರೆ ಗ್ರಾಮ ಪಂಚಾಯತಿಗೆ ಬರೆದು ಅರ್ಜಿ ಕೊಡಿ, ನೆನೆದ ಗೋಡೆಯ ಬದಿಗೆ ಮಕ್ಕಳನ್ನು ಮಲಗಿಸಬೇಡಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಹಿರಿಯರ ಮನೆಗೆ ಇವತ್ತು ಸಂಜೆ ಹೋಗಿ. ಟ್ರ್ಯಾಕ್ಟ್ ಕೊಡೋಕಲ್ಲ. ಊಟ ಆಯಿತೇನು ಅಂತ ಕೇಳೋಕೆ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನಾದ ಯೇಸುವೇ, ಗುಡಿಸಿ ಖಾಲಿ ಬಿಟ್ಟ ನಮ್ಮ ಹೃದಯದೊಳಗೆ ನೀನೇ ಬಂದು ವಾಸವಾಗಿರು. ಪಕ್ಕದಲ್ಲಿದ್ದವರನ್ನು ನೋಡದೆ ಹೋದ ನಮ್ಮನ್ನು ಕ್ಷಮಿಸು. ನಮ್ಮ ಮನೆಯ ಎದುರಿನ ಗೋಡೆಯನ್ನು ಕಟ್ಟುವ ಕೈಗಳನ್ನು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.