ರೋಗಚಿಂತೆ: ಎಚ್ಚರ ಯಾವುದು, ಆರ್ತಧ್ಯಾನ ಯಾವುದು?

ಜೈನಾಚಾರ್ಯರು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲೆರಡು ಸಂಸಾರವನ್ನು ಬೆಳೆಸುವಂಥವು, ಕೊನೆಯೆರಡು ಮೋಕ್ಷಮಾರ್ಗಕ್ಕೆ ಸಲ್ಲುವಂಥವು. ಆರ್ತಧ್ಯಾನದಲ್ಲಿ ಮತ್ತೆ ನಾಲ್ಕು ಭೇದಗಳುಂಟು: ಅನಿಷ್ಟವಾದುದರ ಸಂಯೋಗ, ಇಷ್ಟವಾದುದರ ವಿಯೋಗ, ವೇದನೆ ಮತ್ತು ನಿದಾನ. ಇವುಗಳಲ್ಲಿ ವೇದನೆಯೆಂಬುದು ರೋಗಪೀಡೆಯನ್ನು ಕುರಿತ ನಿರಂತರ ಚಿಂತನೆ. ದೇಹದಲ್ಲೊಂದು ಬಾಧೆ ತಲೆದೋರಿದೊಡನೆ ‘ಇದೇನು, ಇದು ಯಾವಾಗ ತೊಲಗೀತು, ಇದರಿಂದ ಏನಾದೀತು’ ಎಂದು ಚಿತ್ತವು ಅಲ್ಲಿಯೇ ಗಾಣದ ಎತ್ತಿನಂತೆ ಸುತ್ತುವುದೇ ಅದರ ಲಕ್ಷಣ.

ಇಲ್ಲಿ ಗೃಹಸ್ಥನಿಗೆ ಒಂದು ಸಂದೇಹ ಬರುವುದು ಸಹಜ. ಇದ್ದಕ್ಕಿದ್ದಂತೆ ಕಾಲು ಜೋಮುಗಟ್ಟಿದರೆ, ಮಾತು ತೊದಲಿದರೆ, ಕೈ ಅದುರಿದರೆ ಮನುಷ್ಯನು ಚಿಂತಿಸದೆ ಇರುವುದುಂಟೆ? ಚಿಂತಿಸುವುದು ಆರ್ತಧ್ಯಾನವೆಂದಾದರೆ ಸುಮ್ಮನಿರುವುದು ಧರ್ಮವೆ? ಅಥವಾ ದೇಹದ ಬಗೆಗೆ ಎಚ್ಚರ ವಹಿಸುವುದೂ ಶ್ರಾವಕನ ಕರ್ತವ್ಯಗಳಲ್ಲಿ ಸೇರಿದೆಯೆ? ಪ್ರಶ್ನೆ ಶಾಸ್ತ್ರದ ಮಾತಿನಂತೆ ತೋರಿದರೂ ಇದರ ಉತ್ತರದ ಮೇಲೆ ಕೆಲವೊಮ್ಮೆ ಒಂದು ಜೀವದ ಅಳಿವು ಉಳಿವು ನಿಂತಿರುತ್ತದೆ.

ಬಂಡ್ರಿಯಂಥ ಊರಿನ ಒಂದು ಮನೆ

ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಊರಿನ ಒಂದು ಮನೆಯನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಆ ಮನೆಯ ಯುವಕನಿಗೆ ವಾಂತಿಭೇದಿ, ಜ್ವರ. ವಾಂತಿ ನಿಲ್ಲಲೆಂದು ಸೂಜಿ ಹಾಕಿಸಿದ್ದಾಯಿತು, ಜ್ವರವೂ ಇಳಿಯಿತು. ಮರುದಿನ ಹಠಾತ್ತನೆ ಅವನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ. ಗಾಳಿ ಸೋಕಿದೆಯೆಂದು ಅಜ್ಜಿ ಹೇಳುತ್ತಾರೆ. ಲಕ್ವ ಹೊಡೆಯಿತೆಂದು ತಾಯಿ ಅಳುತ್ತಾರೆ. ಪೂರ್ವಜನ್ಮದ ಪಾಪವೆಂದು ದೊಡ್ಡಪ್ಪ ನಿಟ್ಟುಸಿರು ಬಿಡುತ್ತಾರೆ. ಯುವಕನ ಎದೆಯಲ್ಲಿ ಮಾತ್ರ ಯಾರಿಗೂ ಹೇಳದ ಸಂಗತಿಯೊಂದಿದೆ: ರಾತ್ರಿಪಾಳಿಯ ಮೈನೋವಿಗೆಂದು ಗೆಳೆಯರು ಕೊಟ್ಟ ಮಾತ್ರೆಗಳನ್ನು ಅವನು ಕೆಲವು ತಿಂಗಳಿಂದ ನುಂಗುತ್ತ ಬಂದಿದ್ದಾನೆ. ಅದರ ಫಲವೇ ಇದು ಎಂದು ಅವನು ಒಳಗೊಳಗೇ ಬೇಯುತ್ತಾನೆ.

ವೈದ್ಯಶಾಸ್ತ್ರ ಈ ಲಕ್ಷಣವನ್ನು ಚೆನ್ನಾಗಿ ಬಲ್ಲದು. ವಾಂತಿ ತಡೆಯಲು ಕೊಡುವ ಮೆಟೊಕ್ಲೋಪ್ರಮೈಡ್ ಎಂಬ ಔಷಧವು ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯದ ಕೆಲಸವನ್ನು ತಡೆಯುತ್ತದೆ. ಇದರಿಂದ ಕೆಲವರಲ್ಲಿ, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ, ಒಂದೆರಡು ದಿನಗಳೊಳಗೆ ಸ್ನಾಯುಗಳು ಹೀಗೆ ಸೆಟೆದುಕೊಳ್ಳುವುದುಂಟು. ನೋಡುವವರಿಗೆ ಭಯಂಕರವಾಗಿ ಕಂಡರೂ ತಕ್ಕ ಪ್ರತ್ಯೌಷಧ ದೊರೆತರೆ ಸಾಮಾನ್ಯವಾಗಿ ಅಲ್ಪಕಾಲದಲ್ಲೇ ಶಮನವಾಗುತ್ತದೆ.

ಆದರೆ ಎಲ್ಲ ಲಕ್ಷಣಗಳೂ ಹೀಗೆ ಹಗುರವಲ್ಲ. ಭೇದಿಯೋ ಜ್ವರವೋ ಬಂದು ಹೋದ ಒಂದೆರಡು ವಾರಗಳ ಮೇಲೆ ಪಾದಗಳಲ್ಲಿ ಜುಮುಗುಟ್ಟುವಿಕೆ ಆರಂಭವಾಗಿ, ನಿಶ್ಶಕ್ತಿಯು ಕಾಲಿನಿಂದ ಮೇಲಕ್ಕೇರುತ್ತ ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಲ್ಲ ಗೀಯನ್-ಬಾರೆ ಎಂಬ ರೋಗವಿದೆ. ೨೦೨೫ರ ಆರಂಭದಲ್ಲಿ ಪುಣೆ ನಗರದಲ್ಲಿ ಇದು ಅನೇಕರಲ್ಲಿ ಒಮ್ಮೆಲೇ ಕಾಣಿಸಿಕೊಂಡು ದೇಶದ ಗಮನ ಸೆಳೆಯಿತು. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿಯೇ ತಪ್ಪಿ ತನ್ನ ನರಗಳ ಮೇಲೆ ಎರಗುವುದು ಇದರ ಮೂಲ. ಬೇಗನೆ ಚಿಕಿತ್ಸೆ ದೊರೆತರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿಯೂ ಕೆಲವರಿಗೆ ಜ್ವರವು ಬಿಟ್ಟು ಮತ್ತೆ ಬಂದಾಗ ತೀವ್ರ ತಲೆನೋವು, ನಡುಕ, ಚಿತ್ತಭ್ರಮೆ ಕಾಣಿಸಿಕೊಳ್ಳುತ್ತವೆ. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ನರಗಳನ್ನು ಬಾಧಿಸಬಲ್ಲದು. ಅದನ್ನು ತಡೆಯಲೆಂದೇ ವೈದ್ಯರು ಜೊತೆಗೆ ಬಿ೬ ಜೀವಸತ್ವವನ್ನು ಕೊಡುತ್ತಾರೆ. ನೋವಿನ ಮಾತ್ರೆಯಾದ ಟ್ರಮಡಾಲನ್ನು ಮಿತಿಮೀರಿ ಸೇವಿಸಿದರೆ ಮೂರ್ಛೆರೋಗದಂಥ ಸೆಳೆತ ಬರಬಹುದು. ಅದರ ದುರುಪಯೋಗ ಹೆಚ್ಚಿದ್ದರಿಂದ ೨೦೧೮ರಲ್ಲಿ ಭಾರತ ಸರ್ಕಾರ ಅದನ್ನು ಮಾದಕದ್ರವ್ಯಗಳ ಕಾಯಿದೆಯ ವ್ಯಾಪ್ತಿಗೆ ತಂದಿತು. ಮದ್ಯಪಾನದ ಚಟವುಳ್ಳವನು ಜ್ವರದಿಂದ ಮಲಗಿ ಒಮ್ಮೆಲೇ ಕುಡಿತ ನಿಲ್ಲಿಸಿದಾಗಲೂ ಸೆಳೆತ, ಭ್ರಮೆ ಉಂಟಾಗಬಹುದು.

ಇವುಗಳಲ್ಲಿ ಯಾವುದು ಹಗುರ, ಯಾವುದು ಪ್ರಾಣಾಂತಕ ಎಂಬುದನ್ನು ಮನೆಯ ಪಡಸಾಲೆಯಲ್ಲಿ ಕುಳಿತು ನಿಶ್ಚಯಿಸಲಾಗದು. ಮುಖ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಗಳಿಗೆ ಗಳಿಗೆಯೂ ಮುಖ್ಯ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಬಂಡ್ರಿಯಿಂದ ಸಂಡೂರಿಗೋ ಹೊಸಪೇಟೆಗೋ ಬಳ್ಳಾರಿಗೋ ಹೋಗುವ ದಾರಿಯ ಕಾಲವನ್ನೂ ಇದರಲ್ಲಿಯೇ ಲೆಕ್ಕ ಹಿಡಿಯಬೇಕು. ಆದುದರಿಂದ ೧೦೮ಕ್ಕೆ ಕರೆ ಮಾಡುವ ಆತುರವನ್ನು ಆರ್ತಧ್ಯಾನವೆಂದು ಯಾರೂ ಹಳಿಯಬಾರದು. ಅದು ಅಪ್ರಮಾದ, ಅಂದರೆ ಮೈಮರೆಯದ ಎಚ್ಚರ.

ಕಾರಣ ತಿಳಿಯದ ರೋಗ, ಕಾರಣವಿಲ್ಲದ ರೋಗವಲ್ಲ

ಜಪಾನಿನಲ್ಲಿ ನಡೆದ ಒಂದು ಪ್ರಸಂಗ ಈ ವಿಷಯದಲ್ಲಿ ಮನನೀಯವಾಗಿದೆ. ೧೯೫೦ರ ದಶಕದ ನಡುವಿನಿಂದ ಅಲ್ಲಿ ವಿಚಿತ್ರವಾದ ವ್ಯಾಧಿಯೊಂದು ಹರಡತೊಡಗಿತು. ಮೊದಲು ಹೊಟ್ಟೆನೋವು, ಭೇದಿ. ಅನಂತರ ಪಾದಗಳು ಮರಗಟ್ಟಿ, ನಡಿಗೆ ತಪ್ಪಿ, ಕೆಲವರ ದೃಷ್ಟಿಯೂ ಹೋಗುತ್ತಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಇದಕ್ಕೆ ತುತ್ತಾದರು. ಇದಕ್ಕೆ ‘ಸ್ಮಾನ್’ ಎಂಬ ಸಂಕ್ಷಿಪ್ತ ಹೆಸರು ಬಂದಿತು. ಇದು ಅಂಟುರೋಗವೆಂಬ ಅನುಮಾನ ಹರಡಿತು. ವೈರಾಣುವೇ ಕಾರಣವೆಂಬ ವಾದವೂ ಪ್ರಕಟವಾಯಿತು. ನೆರೆಹೊರೆಯವರು ರೋಗಿಗಳನ್ನು ದೂರವಿಟ್ಟರು. ಆ ಅವಮಾನವನ್ನು ತಾಳಲಾರದೆ ಪ್ರಾಣ ಕಳೆದುಕೊಂಡವರೂ ಇದ್ದರು.

ನಿಜವಾದ ಕಾರಣ ರೋಗಿಗಳ ಔಷಧದ ಪೊಟ್ಟಣದಲ್ಲೇ ಇತ್ತು. ಭೇದಿಗೆಂದು ಕೊಡುತ್ತಿದ್ದ ಕ್ಲಿಯೋಕ್ವಿನಾಲ್ ಎಂಬ ಔಷಧವೇ ಅವರ ನರಗಳನ್ನು ಕೆಡಿಸುತ್ತಿತ್ತು. ಹೊಟ್ಟೆನೋವು ಹೆಚ್ಚಿದಷ್ಟೂ ಅದೇ ಔಷಧವನ್ನು ಇನ್ನಷ್ಟು ಕೊಡಲಾಗುತ್ತಿತ್ತು. ಕೆಲವು ರೋಗಿಗಳ ಮೂತ್ರ ಹಸಿರಾಗಿರುವುದನ್ನು ವೈದ್ಯರು ಗಮನಿಸಿದರು. ಆ ಹಸಿರನ್ನು ಪರೀಕ್ಷಿಸಿದಾಗ ಔಷಧವು ಕಬ್ಬಿಣದೊಡನೆ ಸೇರಿ ಆದ ಸಂಯುಕ್ತ ಸಿಕ್ಕಿತು. ನೀಗಾಟದ ಪ್ರಾಧ್ಯಾಪಕ ತ್ಸುಬಾಕಿಯವರು ಆಸ್ಪತ್ರೆಗಳ ದಾಖಲೆಗಳಿಂದ ಯಾರು ಯಾವ ಔಷಧವನ್ನು ಎಷ್ಟು ಸೇವಿಸಿದ್ದರೆಂದು ಹುಡುಕಿ ಸಂಬಂಧವನ್ನು ಎತ್ತಿ ತೋರಿಸಿದರು. ೧೯೭೦ರ ಸೆಪ್ಟೆಂಬರಿನಲ್ಲಿ ಆ ಔಷಧದ ಮಾರಾಟವನ್ನು ನಿಲ್ಲಿಸಲಾಯಿತು. ಹೊಸ ರೋಗಿಗಳ ಸಂಖ್ಯೆ ಅಲ್ಲಿಂದ ಥಟ್ಟನೆ ಇಳಿಯಿತು.

ಒಂದೂವರೆ ದಶಕದ ಭಯವಾಗಲಿ, ಊಹೆಯಾಗಲಿ, ರೋಗಿಗಳ ಮೇಲೆ ಹೊರಿಸಿದ ಕಳಂಕವಾಗಲಿ ಒಬ್ಬನನ್ನೂ ಉಳಿಸಲಿಲ್ಲ. ಉಳಿಸಿದ್ದು ‘ಏನು ಸೇವಿಸಿದೆ, ಎಷ್ಟು ಸೇವಿಸಿದೆ, ಎಂದಿನಿಂದ’ ಎಂಬ ಮೂರು ಪ್ರಶ್ನೆಗಳಿಗೆ ದೊರೆತ ಸತ್ಯವಾದ ಉತ್ತರ.

ಕರ್ಮವೂ ನಿಮಿತ್ತವೂ

ಅಸಾತಾವೇದನೀಯ ಕರ್ಮದ ಉದಯದಿಂದ ದುಃಖಾನುಭವವಾಗುತ್ತದೆಂಬುದು ಜೈನರಿಗೆ ಪರಿಚಿತವಾದ ಸಿದ್ಧಾಂತ. ಆದರೆ ಅದೇ ಸಿದ್ಧಾಂತವು ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಿಮಿತ್ತಗಳು ಬೇಕೆಂದೂ ಹೇಳುತ್ತದೆ. ಕಲುಷಿತವಾದ ನೀರು, ತಪ್ಪಿದ ಔಷಧ, ಮಿತಿಮೀರಿದ ಮಾತ್ರೆ ಇವೆಲ್ಲ ನಿಮಿತ್ತಗಳೇ. ನಿಮಿತ್ತವನ್ನು ಹುಡುಕಿ ನಿವಾರಿಸುವುದರಿಂದ ಕರ್ಮಸಿದ್ಧಾಂತಕ್ಕೆ ಯಾವ ಕುಂದೂ ಬಾರದು. ಇನ್ನೊಂದು ಮಾತು: ಯಾವ ಜೀವಕ್ಕೆ ಯಾವ ಕರ್ಮ ಯಾವ ಭವದ್ದು ಉದಯಕ್ಕೆ ಬಂದಿದೆಯೆಂದು ಪ್ರತ್ಯಕ್ಷವಾಗಿ ಬಲ್ಲವನು ಕೇವಲಜ್ಞಾನಿ. ರೋಗಿಯ ಹಾಸಿಗೆಯ ಬಳಿ ನಿಂತು ‘ನಿನ್ನ ಪಾಪದ ಫಲ’ ಎನ್ನುವ ನೆಂಟನು ತನಗಿಲ್ಲದ ಜ್ಞಾನವನ್ನು ಇದೆಯೆಂದು ತೋರಿಸಿಕೊಳ್ಳುತ್ತಾನೆ. ಆ ಮಾತು ರೋಗಿಯ ಮನಸ್ಸಿಗೆ ಮಾಡುವ ಹಿಂಸೆ ಬೇರೆ.

ಚಿಕಿತ್ಸೆಯನ್ನು ಜೈನಪರಂಪರೆ ಎಂದೂ ಕೀಳಾಗಿ ಕಂಡಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯನು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ನಿರೂಪಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಆರಂಭಕಾಲದಲ್ಲಿ, ಜೈನಕವಿ ಮಂಗರಾಜನು ವಿಷಗಳನ್ನೂ ಅವುಗಳ ಪರಿಹಾರವನ್ನೂ ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿಯೇ ಬರೆದನು. ಇರುಗಪ್ಪ ದಂಡನಾಯಕನು ಹಂಪಿಯಲ್ಲಿ ಕುಂಥು ಜಿನನಾಥನಿಗೆ ಗಾಣಗಿತ್ತಿ ಬಸದಿಯನ್ನು ಕಟ್ಟಿಸಿದ್ದೂ ಅದೇ ಶತಮಾನದಲ್ಲಿ. ಬಸದಿಯನ್ನು ಕಟ್ಟಿದ ಧರ್ಮವೂ ವಿಷವೈದ್ಯವನ್ನು ಬರೆಯಿಸಿದ ಧರ್ಮವೂ ಒಂದೇ.

ಸಮಂತಭದ್ರಾಚಾರ್ಯರ ಕಥೆ ಎಲ್ಲರೂ ಕೇಳಿದ್ದೇ. ಭಸ್ಮಕವ್ಯಾಧಿಯಿಂದ ಪೀಡಿತರಾದ ಅವರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡಿದರೆಂದೂ, ಅವರಿಂದ ಧರ್ಮಪ್ರಭಾವನೆ ಇನ್ನೂ ಆಗಬೇಕಾಗಿದೆಯೆಂದು ತಿಳಿದ ಗುರುಗಳು ಮುನಿವೇಷವನ್ನು ಬದಿಗಿಟ್ಟಾದರೂ ರೋಗವನ್ನು ಶಮನಗೊಳಿಸಿಕೊಳ್ಳಲು ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯಾದರೋ ಮುನಿಯಾದ ಮೇಲೆ ರೋಗಗಳನ್ನು ಸಹಿಸಿ, ವೈದ್ಯರೂಪದಿಂದ ಬಂದ ದೇವನಿಗೆ ಭವರೋಗದ ಮದ್ದನ್ನು ಕೇಳಿದನು. ಎರಡನೆಯದು ಮಹಾಮುನಿಯ ಪರೀಷಹಜಯ. ಮಕ್ಕಳು ಮರಿಗಳ ಹೊಣೆ ಹೊತ್ತ ಗೃಹಸ್ಥನು ಅದನ್ನು ನೆಪಮಾಡಿ ಚಿಕಿತ್ಸೆಯನ್ನು ಮುಂದೂಡುವುದು ಸಲ್ಲದು.

ಮಾಯಾಶಲ್ಯ

ಈಗ ಯುವಕನು ಬಚ್ಚಿಟ್ಟ ಮಾತ್ರೆಗಳ ವಿಚಾರ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಿತ್ತೆಸೆದವನೇ ನಿಜವಾದ ವ್ರತಿಯೆಂದು ಆಚಾರ್ಯರು ಹೇಳಿದ್ದಾರೆ. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ವೈದ್ಯರ ಮುಂದೆ ಸೇವಿಸಿದ ಪದಾರ್ಥವನ್ನು ಮರೆಮಾಚುವುದು ಮಾಯಾಶಲ್ಯವೇ. ಅದು ಆತ್ಮವನ್ನು ಚುಚ್ಚುವಂತೆ ದೇಹವನ್ನೂ ಚುಚ್ಚುತ್ತದೆ. ಟ್ರಮಡಾಲ್ ಸೇವಿಸಿದವನಿಗೆ ಅದರೊಡನೆ ಹೊಂದದ ಮತ್ತೊಂದು ಔಷಧವನ್ನು ವೈದ್ಯರು ತಿಳಿಯದೆ ಕೊಟ್ಟಾರು. ಚಟದ ಸಂಗತಿ ತಿಳಿಯದಿದ್ದರೆ ಸೆಳೆತದ ಮೂಲವನ್ನು ಅವರು ಬೇರೆಲ್ಲೋ ಹುಡುಕಿಯಾರು. ಅದಕ್ಕಿಂತಲೂ ಮುಖ್ಯವಾಗಿ, ಮಾತ್ರೆಯ ಫಲವೇ ಇದು ಎಂದು ಯುವಕನು ತಾನೇ ವಿಧಿಸಿಕೊಂಡ ತೀರ್ಪು ಸುಳ್ಳಾಗಿರಲೂಬಹುದು. ಮೇಲಿನ ಉದಾಹರಣೆಯಲ್ಲಿ ಕುತ್ತಿಗೆಯನ್ನು ತಿರುಚಿದ್ದು ವಾಂತಿಯ ಸೂಜಿ. ಹೇಳದೆ ಇದ್ದರೆ ಆ ಬಿಡುಗಡೆಯೂ ಅವನಿಗೆ ದೊರೆಯದು. ಗುರುವಿನ ಮುಂದೆ ಆಲೋಚನೆ ಮಾಡಿ ಮುನಿಯು ಹಗುರಾಗುವಂತೆ ವೈದ್ಯರ ಮುಂದೆ ರೋಗಿಯು ಹಗುರಾಗಬೇಕು.

ಆದರೆ ಅವನು ಹೇಳುವಂತಾಗಲು ಮನೆಯವರ ನಡತೆಯೂ ತಕ್ಕಂತಿರಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ, ಉಪಗೂಹನ, ಸ್ಥಿತಿಕರಣಗಳು ಇಲ್ಲಿಗೆ ನೇರವಾಗಿ ಅನ್ವಯಿಸುತ್ತವೆ. ರೋಗಿಯ ದೇಹವನ್ನು ಕಂಡು ಜುಗುಪ್ಸೆಪಡದಿರುವುದು ನಿರ್ವಿಚಿಕಿತ್ಸೆ. ಅದಕ್ಕೆ ಉದ್ದಾಯನರಾಜನು ದೃಷ್ಟಾಂತ. ಜಾರಿದವನನ್ನು ಮತ್ತೆ ನೆಲೆನಿಲ್ಲಿಸುವುದು ಸ್ಥಿತಿಕರಣ. ಪರರ ದೋಷವನ್ನು ಊರಿಗೆ ಸಾರದಿರುವುದು ಉಪಗೂಹನ. ತನ್ನ ದೋಷವನ್ನು ತಾನು ಮುಚ್ಚಿಕೊಳ್ಳುವುದು ಮಾಯೆ, ಮಗನ ದೋಷವನ್ನು ಬೀದಿಯ ಬಾಯಿಂದ ಕಾಪಾಡುವುದು ಉಪಗೂಹನ. ಇವೆರಡರ ಅಂತರವನ್ನು ತಂದೆತಾಯಿಗಳು ಅರಿಯಬೇಕು. ವೈದ್ಯರಿಗೆ ಹೇಳಬೇಕಾದುದನ್ನು ನೆಂಟರಿಗೆ ಹೇಳಬೇಕಾಗಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕೆಲಸವುಂಟು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಔಷಧದಾನವೆಂದರೆ ಮಾತ್ರೆ ಹಂಚುವುದಷ್ಟೇ ಅಲ್ಲ. ರಾತ್ರಿಯ ವೇಳೆ ಆಸ್ಪತ್ರೆಗೆ ಒಯ್ಯಲು ವಾಹನವೊದಗಿಸುವುದು, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾದ ಬಡ ಕುಟುಂಬಕ್ಕೆ ಪ್ರಯಾಣದ ವೆಚ್ಚ ಕೊಡುವುದು, ಪ್ರತಿ ಮನೆಯಲ್ಲೂ ಸೇವಿಸುವ ಔಷಧಗಳ ಹೆಸರು, ಪ್ರಮಾಣ, ದಿನಾಂಕಗಳನ್ನು ಬರೆದಿಡಲು ಚಿಕ್ಕ ಪುಸ್ತಕವೊಂದನ್ನು ಹಂಚುವುದು ಇವೂ ಔಷಧದಾನವೇ. ಔಷಧದಿಂದ ತೊಂದರೆಯಾಯಿತೆಂಬ ಅನುಮಾನವಿದ್ದರೆ ರೋಗಿಯೂ ಅದನ್ನು ವರದಿ ಮಾಡಲು ೨೦೧೦ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದಲ್ಲಿ ಅವಕಾಶವಿದೆ. ಮನೋವ್ಯಥೆಗೆ ೨೦೨೨ರಿಂದ ೧೪೪೧೬ ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿ ಇದೆ. ಈ ಸಂಗತಿಗಳನ್ನು ಬಸದಿಯ ಫಲಕದಲ್ಲಿ ಬರೆಯಿಸಿದರೆ ಅದು ಅಭಯದಾನಕ್ಕೂ ಸಮೀಪವಾದೀತು.

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ

ಕೊನೆಗೆ ಅತ್ಯಂತ ಕಠಿಣವಾದ ಸ್ಥಿತಿ ಉಳಿಯುತ್ತದೆ. ನರತಜ್ಞರು ಪರೀಕ್ಷಿಸಿದ್ದಾರೆ, ಚಿತ್ರಗಳನ್ನು ತೆಗೆಸಿದ್ದಾರೆ, ಎಲ್ಲವೂ ಸರಿಯಿದೆ. ಆದರೂ ಕೈ ಅದುರುತ್ತದೆ. ‘ಏನೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ಮನೆಯವರು ಗದರುವುದು ಇಲ್ಲಿ ಅಸತ್ಯವಾಗುತ್ತದೆ. ನರಮಂಡಲದ ರಚನೆ ಕೆಡದೆ ಅದರ ಕಾರ್ಯ ಮಾತ್ರ ಹದತಪ್ಪುವ ರೋಗಸ್ಥಿತಿಯನ್ನು ವೈದ್ಯಶಾಸ್ತ್ರ ಇಂದು ಒಪ್ಪಿದೆ. ಆ ನಡುಕ ನಟನೆಯಲ್ಲ, ವ್ಯಾಯಾಮ ಚಿಕಿತ್ಸೆ ಮತ್ತು ಮನಶ್ಚಿಕಿತ್ಸೆಗಳಿಂದ ಎಷ್ಟೋ ಮಂದಿ ಗುಣ ಹೊಂದುತ್ತಾರೆ. ಭಯದಿಂದ ಉಸಿರು ವೇಗವಾದಾಗ ರಕ್ತದ ಇಂಗಾಲಾಮ್ಲ ಕಡಿಮೆಯಾಗಿ ಬೆರಳು, ತುಟಿಗಳು ಜುಮುಗುಟ್ಟುವುದೂ ಉಂಟು. ಆ ಜುಮುಗುಟ್ಟುವಿಕೆ ಭಯವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಎಚ್ಚರಕ್ಕೂ ಆರ್ತಧ್ಯಾನಕ್ಕೂ ನಡುವಣ ಗೆರೆ ಇಲ್ಲಿ ಕಾಣುತ್ತದೆ. ಎಚ್ಚರವು ಒಂದು ಕೆಲಸಕ್ಕೆ ಹಚ್ಚುತ್ತದೆ: ವೈದ್ಯರಲ್ಲಿಗೆ ಹೋಗುವುದು, ನಿಜ ಹೇಳುವುದು, ಹೇಳಿದ ಔಷಧವನ್ನು ಹೇಳಿದಂತೆ ಸೇವಿಸುವುದು, ಹೊಸ ಲಕ್ಷಣ ಕಂಡರೆ ಮತ್ತೆ ತೋರಿಸುವುದು. ಕೆಲಸ ಮುಗಿದೊಡನೆ ಅದು ವಿರಮಿಸುತ್ತದೆ. ಆರ್ತಧ್ಯಾನಕ್ಕೆ ಮಾಡಬೇಕಾದ ಕೆಲಸವೇ ಇರುವುದಿಲ್ಲ. ದಿನಕ್ಕೆ ನೂರು ಬಾರಿ ನಾಡಿ ಹಿಡಿದು ನೋಡುವುದು, ಮೂರನೆಯ ವೈದ್ಯರ ಮಾತನ್ನು ನಾಲ್ಕನೆಯವರಲ್ಲಿ ಅಳೆಯುವುದು, ಬಾರದ ರೋಗವನ್ನು ಇಂದೇ ಅನುಭವಿಸುವುದು ಅದರ ರೀತಿ.

ಹಾಗೆಂದು ಆರ್ತಧ್ಯಾನಕ್ಕೆ ಸಿಕ್ಕಿದವನನ್ನು ಹೀನಾಯವಾಗಿ ಕಾಣಬಾರದು. ಪ್ರಮತ್ತಸಂಯತನಾದ ಮುನಿಗೂ ವೇದನೆಯ ಆರ್ತಧ್ಯಾನ ತಲೆದೋರಬಹುದೆಂದು ಶಾಸ್ತ್ರವೇ ಒಪ್ಪುತ್ತದೆ. ಸಾಮಾನ್ಯ ಗೃಹಸ್ಥನ ಪಾಡೇನು? ಅವನಿಗೆ ಬೇಕಾದುದು ಬೈಗುಳವಲ್ಲ, ಬಳಿಯಲ್ಲಿ ಕೂಡುವ ಒಬ್ಬ ಮನುಷ್ಯ. ಅನಿತ್ಯ, ಅಶರಣ, ಅನ್ಯತ್ವವೇ ಮೊದಲಾದ ಅನುಪ್ರೇಕ್ಷೆಗಳು ಈ ಹಂತದಲ್ಲಿ ಕೆಲಸಕ್ಕೆ ಬರುತ್ತವೆ. ಚಿಕಿತ್ಸೆಗೆ ಮೊದಲು ಅವನ್ನು ಹೇಳಿದರೆ ಉಪೇಕ್ಷೆಯಾದೀತು, ಚಿಕಿತ್ಸೆಯೊಡನೆ ಹೇಳಿದರೆ ಊರುಗೋಲಾದೀತು. ಈ ದೇಹ ತಾನಲ್ಲ, ಇದನ್ನು ಅರಿಯುವವನು ತಾನು ಎಂಬ ಭಾವನೆ ನೆಲೆಗೊಂಡವನು ಅದುರುವ ಕೈಯಿಂದಲೇ ಜಪಮಣಿಯನ್ನು ಎಣಿಸಬಲ್ಲನು, ಅದೇ ಕೈಯಿಂದ ಗೊತ್ತಾದ ಹೊತ್ತಿಗೆ ಮಾತ್ರೆಯನ್ನೂ ತೆಗೆದುಕೊಳ್ಳಬಲ್ಲನು. ದೇಹಕ್ಕೆ ಸಲ್ಲುವುದನ್ನು ದೇಹಕ್ಕೂ ಆತ್ಮಕ್ಕೆ ಸಲ್ಲುವುದನ್ನು ಆತ್ಮಕ್ಕೂ ಸಲ್ಲಿಸುವ ಈ ವಿವೇಕವೇ ರೋಗಕಾಲದಲ್ಲಿ ಶ್ರಾವಕನ ಧರ್ಮ.