ಒಳಗೆ ಬರಬಹುದೇ?

ಹುಕ್ಕೇರಿ, ಸಂಕೇಶ್ವರದ ಕಡೆಯ ಮನೆಗಳಲ್ಲಿ ವೀಸಾ ಎಂಬುದು ಈಗ ಅಪರಿಚಿತ ಶಬ್ದವಲ್ಲ. ಮಗ ದುಡಿಯಲು ಕೊಲ್ಲಿ ರಾಷ್ಟ್ರಕ್ಕೆ ಹೊರಟಾಗ, ಹಿರಿಯರು ಹಜ್‌ಗೆ ಸಿದ್ಧರಾದಾಗ ಎಲ್ಲರ ಬಾಯಲ್ಲೂ ಅದೇ ಮಾತು. ಮೊದಲು ಹಜ್ ಸಮಿತಿಯ ಮೂಲಕ ಹೋಗುವವರಿಗೆ ಆ ಯಾತ್ರೆಯ ಮಟ್ಟಿಗೆ ಒಂದು ವಿಶೇಷ ಪಾಸ್ ಕೊಡುತ್ತಿದ್ದರು. 2009ರಲ್ಲಿ ಸೌದಿ ಸರಕಾರ ಅಂತಾರಾಷ್ಟ್ರೀಯ ಪಾಸ್‌ಪೋರ್ಟನ್ನೇ ಕಡ್ಡಾಯ ಮಾಡಿತು. ಅಂದಿನಿಂದ ಬೆಳಗಾವಿ ದಾಟದ ಅಜ್ಜಿಯರ ಟ್ರಂಕಿನಲ್ಲೂ ಪಾಸ್‌ಪೋರ್ಟ್ ಸೇರಿಕೊಂಡಿದೆ. ಅದರೊಂದಿಗೆ ಒಂದು ಪ್ರಶ್ನೆಯೂ ಬಂದಿದೆ. ದೇವರು ಸೃಷ್ಟಿಸಿದ ಭೂಮಿಯ ಮೇಲೆ ನಡೆದಾಡಲು ಮನುಷ್ಯ ಇನ್ನೊಬ್ಬ ಮನುಷ್ಯನ ಅಪ್ಪಣೆಯನ್ನು ಏಕೆ ಕೇಳಬೇಕು?

ಪ್ರಶ್ನೆ ಕೇಳಲು ಚೆನ್ನಾಗಿದೆ. ಆದರೆ ಅಪ್ಪಣೆ ಕೇಳುವುದೇ ಅವಮಾನವೆಂದು ನಾವು ಒಪ್ಪುವುದಿಲ್ಲ. ಪರರ ಮನೆ ಪ್ರವೇಶಿಸುವ ಮುನ್ನ ಅನುಮತಿ ಪಡೆಯಬೇಕು, ಮನೆಯವರಿಗೆ ಸಲಾಮ್ ಹೇಳಬೇಕು, ಹಿಂದಿರುಗಲು ಹೇಳಿದರೆ ಹಿಂದಿರುಗಬೇಕು ಎಂಬುದು ಕುರ್‌ಆನಿನ ಅನ್ನೂರ್ ಅಧ್ಯಾಯದ ಬೋಧನೆ. ಮನೆಗೆ ಸಲ್ಲುವ ಈ ಮರ್ಯಾದೆ ದೇಶಕ್ಕೂ ಸಲ್ಲಬೇಕಾದದ್ದೇ. ಹಿಂದಿನ ಕಾಲದಲ್ಲಿ ಇಂಥ ತಡೆಗಳೇ ಇರಲಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಭಾರತಕ್ಕೆ ಬಂದಾಗ ಮುಲ್ತಾನಿನಲ್ಲಿ ಅವನನ್ನು ವಿಚಾರಿಸಿಯೇ ಮುಂದೆ ಬಿಟ್ಟರು. ಇಲ್ಲಿಯೇ ನೆಲೆಸುವ ಉದ್ದೇಶವಿದೆಯೆಂದು ಅವನು ಬರೆದುಕೊಡಬೇಕಾಯಿತು. ಚೀನಾದಲ್ಲಿ ಪರದೇಶಿಗಳ ಮುಖಗಳನ್ನು ಚಿತ್ರಕಾರರಿಂದ ಬರೆಸಿ ಇಟ್ಟುಕೊಳ್ಳುತ್ತಿದ್ದರೆಂದೂ ಅವನು ಹೇಳಿದ್ದಾನೆ. ಇಂದಿನ ಪಾಸ್‌ಪೋರ್ಟ್ ಫೋಟೋಗೂ ಅದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ.

ಹಾಗಾದರೆ ತಕರಾರು ಎಲ್ಲಿದೆ? ವೀಸಾ ಎಂಬ ಶಬ್ದದಲ್ಲೇ ಇದೆ. ಅದರ ಲ್ಯಾಟಿನ್ ಮೂಲದ ಅರ್ಥ ‘ನೋಡಲಾದ ಕಾಗದ’ ಎಂದು. ಮನೆಯ ಬಾಗಿಲು ತೆರೆಯುವವನು ಎದುರಿಗೆ ನಿಂತವನ ಮುಖ ನೋಡುತ್ತಾನೆ. ದೇಶದ ಬಾಗಿಲಲ್ಲಿ ಕಾಗದ ನೋಡುತ್ತಾರೆ. ಕಾಗದ ಹೇಳದೆ ಇರುವುದು ಅಲ್ಲಿ ಇಲ್ಲವೇ ಇಲ್ಲ.

ಹೆಸರಿನ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆಯ ಎಷ್ಟೋ ತಾಯಂದಿರಿಗೆ ಒಂದೇ ಹೆಸರು. ಮುಂದೆ ಇಲ್ಲ, ಹಿಂದೆ ಇಲ್ಲ. ಓಣಿಯಲ್ಲಿ ಆ ಒಂದು ಹೆಸರು ಜೀವಮಾನವಿಡೀ ಸಾಕಾಗುತ್ತದೆ. ಆದರೆ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸಿ ಹಾಗೂ ಭೇಟಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ಪ್ರಕಟಿಸಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಆಮೇಲೆ ಸಡಿಲಿಸಿತು. ಮಗಳ ಬಾಣಂತನಕ್ಕೆ ದುಬೈಗೆ ಹೊರಟ ತಾಯಿ ಯಾರಿಗೂ ಮೋಸ ಮಾಡಿದವಳಲ್ಲ. ಅವಳ ಹೆಸರು ಕಂಪ್ಯೂಟರಿನ ಎರಡು ಖಾನೆಗಳನ್ನು ತುಂಬುವುದಿಲ್ಲ, ಅಷ್ಟೇ ಅವಳ ಕೊರತೆ.

ನಮ್ಮದೇ ದೇಶದ ಕಾನೂನೂ ಹೊರಡುವವರನ್ನು ಎರಡಾಗಿ ವಿಂಗಡಿಸುತ್ತದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಸಂರಕ್ಷಕರ ಅನುಮತಿ ಬೇಕು. ಓದು ಬಾರದವನಿಗೆ ಮೋಸವಾಗದಿರಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಆ ಅನುಮತಿಯ ಸುತ್ತಾಟ ತಪ್ಪಿಸಲೆಂದು ಏಜೆಂಟರ ಮಾತು ಕೇಳಿ ಭೇಟಿ ವೀಸಾದಲ್ಲಿ ಹೋಗಿ ಸಿಕ್ಕಿಬೀಳುವವನೂ ಅದೇ ಓದು ಬಾರದವನು.

ಇನ್ನು ಶ್ರೀಮಂತ ದೇಶಗಳ ಪ್ರವಾಸಿ ವೀಸಾ. ಅಲ್ಲಿ ಕೇಳುವುದು ಬ್ಯಾಂಕಿನ ಲೆಕ್ಕ. ನೀನು ತಿರುಗಿ ಹೋಗುತ್ತೀಯೆ ಎಂಬ ಸಂಶಯಕ್ಕೆ ಹಣವೇ ಉತ್ತರ. ಬಾಗಿಲು ತೆರೆಯದಿದ್ದರೂ ತಟ್ಟಿದ್ದಕ್ಕೆ ಕೊಟ್ಟ ಶುಲ್ಕ ಸಾಮಾನ್ಯವಾಗಿ ಮರಳುವುದಿಲ್ಲ. ಆದ್ದರಿಂದ ಕೆಲವರು ಕೈಗಡ ತಂದು ಖಾತೆಯಲ್ಲಿ ತೋರಿಸುತ್ತಾರೆ. ಇದನ್ನು ಸರಿ ಎನ್ನಲಾಗದು. ಸುಳ್ಳು ಕಾಗದ ಕೊಟ್ಟವನು ತನ್ನ ಹಿಂದೆ ಸಾಲಿನಲ್ಲಿ ನಿಂತ ಪ್ರಾಮಾಣಿಕರ ಮೇಲೂ ಸಂಶಯ ಹೊರಿಸಿ ಹೋಗುತ್ತಾನೆ. ಆದರೆ ಬಡತನವನ್ನೇ ಅಪನಂಬಿಕೆಗೆ ಆಧಾರ ಮಾಡಿಕೊಂಡ ನಿಯಮಕ್ಕೂ ಆ ಸುಳ್ಳಿನಲ್ಲಿ ಪಾಲಿದೆ.

ಗಡಿಯಲ್ಲಿ ಕಾಗದ ಹಿಡಿದು ನಿಲ್ಲುವುದೆಂದರೇನು ಎಂಬುದು ಪರದೇಶಕ್ಕೆ ಹೋಗದ ನಮ್ಮವರಿಗೂ ಒಮ್ಮೆ ತಿಳಿಯಿತು. 1956ರವರೆಗೆ ಬೆಳಗಾವಿ, ಕೊಲ್ಹಾಪುರಗಳೆರಡೂ ಮುಂಬಯಿ ರಾಜ್ಯದಲ್ಲಿದ್ದವು. ಇಂದಿಗೂ ಹುಕ್ಕೇರಿಯವರ ಬೀಗರು ಗಡಹಿಂಗ್ಲಜದಲ್ಲಿದ್ದಾರೆ, ಕೊಲ್ಹಾಪುರದಲ್ಲಿದ್ದಾರೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಮಹಾರಾಷ್ಟ್ರದಿಂದ ಬರುವವರನ್ನು ನಿಪ್ಪಾಣಿ ಹತ್ತಿರದ ಕೊಗನೋಳಿ ಚೆಕ್‌ಪೋಸ್ಟಿನಲ್ಲಿ ತಡೆದು, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕೇಳಿದರು. ಕೇಳಿದ್ದಕ್ಕೆ ಕಾರಣವಿತ್ತು. ಆ ಕಾರಣ ಎಲ್ಲರಿಗೂ ಗೊತ್ತಿತ್ತು, ಕಾರಿನವನಿಗೂ ಬಸ್ಸಿನವನಿಗೂ ಒಂದೇ ನಿಯಮವಿತ್ತು. ಆದ್ದರಿಂದ ಜನ ಗೊಣಗಿದರೂ ಅದನ್ನು ಅವಮಾನವೆಂದು ಬಗೆಯಲಿಲ್ಲ. ನ್ಯಾಯವಾದ ಬಾಗಿಲಿನ ಲಕ್ಷಣ ಇದು: ಕಾರಣ ಹೇಳುವುದು, ಎಲ್ಲರನ್ನೂ ಒಂದೇ ರೀತಿ ಕೇಳುವುದು.

ಈ ಅಳತೆಗೋಲನ್ನು ಹೊರದೇಶಗಳ ಮುಂದೆ ಹಿಡಿಯುವ ನಾವು ನಮ್ಮ ಹೊಸ್ತಿಲಿಗೂ ಹಿಡಿಯಬೇಡವೆ? ಬೆಂಗಳೂರಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ಬಾಡಿಗೆ ಮನೆ ಹುಡುಕುವ ಮುಸ್ಲಿಮ್ ಹುಡುಗನಿಗೆ, ದಲಿತ ಹುಡುಗನಿಗೆ, ಹೆಸರು ಹೇಳಿದ ಕೂಡಲೇ ಖಾಲಿ ಮನೆ ಭರ್ತಿಯಾಗಿಬಿಡುತ್ತದೆ. ಅದೂ ನಿರಾಕರಿಸಿದ ವೀಸಾವೇ. ಅರ್ಜಿಯಿಲ್ಲ, ಕಾರಣವಿಲ್ಲ, ಮೇಲ್ಮನವಿಯಿಲ್ಲ. ಇದರಿಂದ ನೊಂದ ನಮ್ಮ ಓಣಿಗಳಲ್ಲೂ ಹೊರಗಿನವರಿಗೆ, ಬೇರೆ ಜಮಾಅತಿನವರಿಗೆ, ಒಂಟಿ ಹೆಂಗಸಿಗೆ ಮನೆ ಕೊಡಲು ಹಿಂಜರಿಯುವವರಿದ್ದಾರೆ. ದುಬೈನ ಕೌಂಟರಿನಲ್ಲಿ ಕೂತವನ ಕಣ್ಣಿಗೆ ಕಾಣದ ಮನುಷ್ಯ ನಮ್ಮ ಕಣ್ಣಿಗಾದರೂ ಕಾಣುತ್ತಾನೆಯೆ?

ಕಬ್ಬಿನ ಹಂಗಾಮು ಬಂದಾಗ ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಸುತ್ತಲಿನ ಹೊಲಗಳಿಗೆ ಬೀಡ್ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವವರು ಬರುತ್ತಾರೆ. ಹೆಂಡತಿ ಮಕ್ಕಳೊಂದಿಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಅವರಿಗೆ ವೀಸಾ ಬೇಕಿಲ್ಲ. ಆದರೂ ಅವರು ನಮ್ಮ ಬಾಗಿಲಲ್ಲಿ ನಿಂತವರೇ. ಹೆಸರು, ಊರು ಕೇಳುವುದರಲ್ಲಿ ತಪ್ಪೇನಿಲ್ಲ, ಕೇಳೋಣ. ಕೇಳಿದ ಮೇಲೆ ಕುಡಿಯುವ ನೀರು ಎಲ್ಲಿದೆ, ಮಕ್ಕಳ ಶಾಲೆ ಎಲ್ಲಿದೆ ಎಂಬುದನ್ನೂ ತೋರಿಸೋಣ.