ಗುಪ್ತಪಾಪವೂ ಸಾಕ್ಷಿಯೂ

ಪಾಪವನ್ನು ಮಾಡುವುದು ಒಂದು. ಮಾಡಿದ ಪಾಪವನ್ನು ಮುಚ್ಚಿಟ್ಟುಕೊಂಡು ಸಜ್ಜನರ ನಡುವೆ ಗೌರವಸ್ಥನಾಗಿ ಬಾಳುವುದು ಇನ್ನೊಂದು. ಎರಡನೆಯದರ ಬಾಧೆ ಎಂತಹುದೆಂಬುದನ್ನು ಧರ್ಮಶಾಸ್ತ್ರಗಳಂತೆಯೇ ಲೌಕಿಕ ಕಾದಂಬರಿಗಳೂ ವಿಚಾರ ಮಾಡಿವೆ. ಅಂತಹ ಎರಡು ಕೃತಿಗಳನ್ನು ನಾವು ಇಲ್ಲಿ ತೆಗೆದುಕೊಂಡಿದ್ದೇವೆ. ಒಂದು ಅಮೆರಿಕದ್ದು, ಇನ್ನೊಂದು ನಮ್ಮದೇ ಮಲೆನಾಡಿನ ಮಾಧ್ವ ಅಗ್ರಹಾರದ್ದು.

ನಥಾನಿಯಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ 'ದಿ ಸ್ಕಾರ್ಲೆಟ್ ಲೆಟರ್' ಹದಿನೇಳನೆಯ ಶತಮಾನದ ಬೋಸ್ಟನ್ ಪಟ್ಟಣದ ಕಥೆ. ಅಲ್ಲಿಯವರು ಪ್ಯೂರಿಟನ್ನರು, ಆಚಾರದಲ್ಲಿ ಅತ್ಯಂತ ಕಠಿಣರಾದ ಕ್ರೈಸ್ತರು. ಗ್ರಂಥಕರ್ತರ ಪೂರ್ವಜರೊಬ್ಬರು 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾತಿಯರೆಂಬ ಆರೋಪ ಹೊತ್ತವರ ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲಿ ಒಬ್ಬರು. ಆದುದರಿಂದ ಈ ವಿಷಯ ಅವರಿಗೆ ವಂಶದಲ್ಲಿಯೇ ಬಂದುದು. ಕಥೆಯಲ್ಲಿ ಹೆಸ್ಟರ್ ಎಂಬ ಸ್ತ್ರೀ ತನ್ನ ತಪ್ಪಿಗಾಗಿ ಎದೆಯ ಮೇಲೆ ಕೆಂಪು ಅಕ್ಷರವೊಂದನ್ನು ಧರಿಸಿ ಊರೆದುರು ನಿಲ್ಲುತ್ತಾಳೆ. ಆ ತಪ್ಪಿನಲ್ಲಿ ಸಮಭಾಗಿಯಾದ ಧರ್ಮೋಪದೇಶಕ ಡಿಮ್ಸ್‌ಡೇಲ್ ಮೌನವಾಗಿರುತ್ತಾನೆ. ಅವಳ ಗುರುತು ಬಟ್ಟೆಯ ಮೇಲೆ. ಅವನದು ಬಟ್ಟೆಯೊಳಗೆ, ದಿನೇ ದಿನೇ ಕೃಶವಾಗುವ ದೇಹದಲ್ಲಿ. ನಮಗೆ ಅತಿ ಮುಖ್ಯವೆನಿಸಿದ ಅಂಶ ಬೇರೊಂದಿದೆ. ಆ ಉಪದೇಶಕ ವೇದಿಕೆಯ ಮೇಲೆ ನಿಂತು ತಾನು ಮಹಾಪಾಪಿಯೆಂದು ಹೇಳಿಕೊಳ್ಳುತ್ತಲೇ ಇರುತ್ತಾನೆ. ಜನರು ಅದನ್ನು ವಿನಯವೆಂದು ತಿಳಿದು ಅವನನ್ನು ಇನ್ನಷ್ಟು ಪೂಜಿಸುತ್ತಾರೆ! ಯಾವ ಪಾಪ, ಯಾರ ವಿಷಯದಲ್ಲಿ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ.

ಇದನ್ನು ಓದುವಾಗ ನಮ್ಮ ಭಜನಾಮಂಡಲಿಗಳು ನೆನಪಿಗೆ ಬರುತ್ತವೆ. ಹರಿದಾಸರು ತಮ್ಮನ್ನು ತಾವು ನಿಂದಿಸಿಕೊಂಡು ಹಾಡಿದ ಪದಗಳನ್ನು ನಾವೆಲ್ಲರೂ ತಾಳ ಹಿಡಿದು ಹಾಡುತ್ತೇವೆ. ದಾಸರಿಗೆ ಅದು ಅನುತಾಪ. ಹಾಡುವವರಿಗೆ ಅನೇಕ ವೇಳೆ ರಾಗಮಾತ್ರ. ಹೆಸರಿಲ್ಲದ ಪಾಪವನ್ನು ಒಪ್ಪಿಕೊಳ್ಳಲು ಯಾರಿಗೂ ಏನೂ ಖರ್ಚಾಗುವುದಿಲ್ಲ.

ಇನ್ನು ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ಈ ಹೆಸರನ್ನು ಮಠದ ಪತ್ರಿಕೆಯಲ್ಲಿ ಕಂಡು ಕೆಲವು ಹಿರಿಯರು ಹುಬ್ಬೇರಿಸಬಹುದು. 1970ರ ಚಲನಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದಿತ್ತು. ಅನಂತರ ಅದಕ್ಕೆ ಆ ವರ್ಷದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೇ ಬಂದಿತು. ಅಗ್ರಹಾರದಲ್ಲಿ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲರೂ ಹೊಟ್ಟೆಬಾಕರೋ ಬಂಗಾರದಾಸೆಯವರೋ ಎಂಬ ಚಿತ್ರಣ ನಮಗೆ ಇಂದಿಗೂ ಒಪ್ಪಿಗೆಯಿಲ್ಲ. ಅಷ್ಟಾದರೂ ಕೃತಿಯ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಬರೆದವರು ತೀರ್ಥಹಳ್ಳಿ ತಾಲೂಕಿನ ಮಾಧ್ವ ಮನೆತನದಲ್ಲಿಯೇ ಹುಟ್ಟಿದವರು.

ಆಚಾರಭ್ರಷ್ಟನಾದ ನಾರಣಪ್ಪ ಪ್ಲೇಗಿನಿಂದ ಸತ್ತಿದ್ದಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಹೆಣ ಹಾಗೆಯೇ ಬಿದ್ದಿದೆ. ಇಲಿಗಳು ಸಾಯುತ್ತವೆ, ಮಾಡುಗಳ ಮೇಲೆ ಹದ್ದುಗಳು ಕೂರುತ್ತವೆ. ಮುಚ್ಚಿಟ್ಟದ್ದು ಕೊಳೆತು ಊರೆಲ್ಲ ಹರಡುವುದಕ್ಕೆ ಇದಕ್ಕಿಂತ ನೇರವಾದ ಸಂಕೇತ ಬೇಕಿಲ್ಲ. ಧರ್ಮಸೂಕ್ಷ್ಮವನ್ನು ಅರಿಯಲು ಮಾರುತಿಯ ಗುಡಿಗೆ ಹೋದ ಪ್ರಾಣೇಶಾಚಾರ್ಯರು ಅಪ್ಪಣೆ ಸಿಗದೆ ಹಿಂದಿರುಗುವಾಗ, ಕಾಡಿನ ಕತ್ತಲಲ್ಲಿ ಮೃತನ ಸಂಗಾತಿ ಚಂದ್ರಿಯನ್ನು ಕೂಡುತ್ತಾರೆ. ಆಮೇಲೆ ಅವರನ್ನು ಬಾಧಿಸುವುದು ಕೃತ್ಯಕ್ಕಿಂತ ಹೆಚ್ಚಾಗಿ ಒಂದೇ ಚಿಂತೆ: ಹೇಳಬೇಕೇ, ಬೇಡವೇ? ಹೇಳಿದರೆ ತಮ್ಮನ್ನು ನಂಬಿದವರ ಶ್ರದ್ಧೆ ಕುಸಿಯುತ್ತದೆ. ಹೇಳದಿದ್ದರೆ ಬಾಳೆಲ್ಲ ಸುಳ್ಳಾಗುತ್ತದೆ.

ಇಲ್ಲಿ ಲೋಕಸಂಗ್ರಹದ ಮಾತನ್ನು ಎತ್ತುವವರುಂಟು. ದೊಡ್ಡವರ ದೋಷ ಬಯಲಾದರೆ ಸಾಮಾನ್ಯರು ಧರ್ಮವನ್ನೇ ಬಿಟ್ಟಾರು, ಆದುದರಿಂದ ಮರೆಮಾಚುವುದೇ ಲೇಸು ಎಂಬುದು ಅವರ ವಾದ. ನಮಗೆ ಇದು ಸರಿಕಾಣದು. ಗೀತೆಯ ಲೋಕಸಂಗ್ರಹವು ಜ್ಞಾನಿಯು ಕರ್ಮವನ್ನು ಚೆನ್ನಾಗಿ ಆಚರಿಸಿ ತೋರಬೇಕೆನ್ನುತ್ತದೆಯೇ ಹೊರತು ಆಚರಿಸದುದನ್ನು ಆಚರಿಸಿದಂತೆ ತೋರಿಸಲು ಹೇಳುವುದಿಲ್ಲ. ಅದೇ ಅಧ್ಯಾಯದಲ್ಲಿ ಒಳಗೊಂದು ಹೊರಗೊಂದು ಇರುವವನಿಗೆ ಮಿಥ್ಯಾಚಾರನೆಂಬ ಹೆಸರೂ ಇದೆ. ಮನುಸ್ಮೃತಿಯ ಪ್ರಾಯಶ್ಚಿತ್ತ ಪ್ರಕರಣವೂ ಪಾಪ ಕಳೆಯುವ ಉಪಾಯಗಳಲ್ಲಿ ಅನುತಾಪ, ತಪಸ್ಸು, ಅಧ್ಯಯನಗಳ ಜೊತೆಗೆ ಖ್ಯಾಪನವನ್ನು, ಎಂದರೆ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದನ್ನು, ಸೇರಿಸಿದೆ.

ಆರ್.ಕೆ.ಪುರಂನಲ್ಲಿ ಕುಳಿತು ಇದನ್ನು ಓದುವವರಿಗೆ ಒಂದು ಸಂದೇಹ ಬರಬಹುದು. ಬೋಸ್ಟನ್ ಆಗಲಿ ದೂರ್ವಾಸಪುರವಾಗಲಿ ಎಲ್ಲರೂ ಎಲ್ಲರನ್ನೂ ನೋಡುವ ಊರುಗಳು. ಸೆಕ್ಟರಿನ ಸರ್ಕಾರಿ ವಸತಿಗಳಲ್ಲಿ ಎದುರು ಬಾಗಿಲಿನವರಿಗೆ ನಮ್ಮ ಗೋತ್ರವೂ ತಿಳಿಯದು, ಏಕಾದಶಿಯೂ ತಿಳಿಯದು. ಕಚೇರಿಯ ಕ್ಯಾಂಟೀನಿನಲ್ಲಿ ಏನನ್ನು ತಿಂದರೆಂದು ಕೇಳುವವರಿಲ್ಲ. ನೋಡುವ ಕಣ್ಣೇ ಇಲ್ಲದೆಡೆ ಗುಪ್ತಪಾಪವೆಂಬುದಕ್ಕೆ ಅರ್ಥವೇನು? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿದೆ. ಸಾಕ್ಷಿಯು ಜೀವನ ಸ್ವರೂಪೇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅರಿಯುವಂತಹುದು, ಅದರ ಅರಿವಿನಲ್ಲಿ ಭ್ರಮೆಗೆ ಎಡೆಯಿಲ್ಲ. ಅಗ್ರಹಾರದ ಕಣ್ಣನ್ನು ಊರಿನಲ್ಲಿ ಬಿಟ್ಟು ರೈಲು ಹತ್ತಬಹುದು. ಸಾಕ್ಷಿಯು ಜೊತೆಯಲ್ಲಿಯೇ ಬರುತ್ತದೆ, ಬಿಂಬರೂಪಿಯಾದ ಭಗವಂತನೂ ಬರುತ್ತಾನೆ.

ಕ್ಯಾಂಟೀನಿನ ಮಾತಿಗಿಂತ ಭಾರವಾದವು ಬೇರೆ ಇವೆ. ಊರಿನ ಜಮೀನಿನಲ್ಲಿ ತಮ್ಮನಿಗೆ ಸಲ್ಲಬೇಕಾದ ಪಾಲು, ವಿಧವೆಯಾದ ಅತ್ತಿಗೆಗೆ ತಲುಪದ ಹಣ, ಕೊನೆಗಾಲದಲ್ಲಿ ನೋಡಲು ಹೋಗದ ತಾಯಿ. ಇವುಗಳಿಗೆ ಇಲ್ಲಿ ಪವಮಾನ ಹೋಮ ಮಾಡಿಸಿ ಸಮಾಧಾನಪಡುವ ವಾಡಿಕೆ ಬೆಳೆದಿದೆ. ಹೋಮ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಆದರೆ ಶ್ರೀ ಜಗನ್ನಾಥದಾಸರ ಚರಿತ್ರೆಯನ್ನು ನೆನೆಯಬೇಕು. ಪಾಂಡಿತ್ಯದ ಗರ್ವದಿಂದ ಶ್ರೀ ವಿಜಯದಾಸರ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡ ಮಾನ್ವಿಯ ಶ್ರೀನಿವಾಸಾಚಾರ್ಯರಿಗೆ ಆ ನೆಪವೇ ನಿಜವಾದ ಶೂಲೆಯಾಯಿತೆಂದು ಸಂಪ್ರದಾಯ ಹೇಳುತ್ತದೆ. ಮಂತ್ರಾಲಯದ ಸೇವೆಯಲ್ಲಿಯೂ ಅದು ಅಲ್ಲಿಗಲ್ಲಿಗೇ ಗುಣವಾಗಲಿಲ್ಲ. ತಾವು ಅವಮಾನಿಸಿದ ದಾಸರ ಬಳಗಕ್ಕೇ ಹೋಗಿ ಶರಣಾಗಬೇಕಾಯಿತು. ಶ್ರೀ ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷಗಳನ್ನು ಧಾರೆಯೆರೆದರು. 'ಹರಿಕಥಾಮೃತಸಾರ' ನಮಗೆ ದೊರೆತದ್ದು ಅದಾದ ಮೇಲೆ.

ಡಿಮ್ಸ್‌ಡೇಲ್ ಕೊನೆಗೆ ಹಗಲಿನಲ್ಲಿ ಊರೆದುರು ಹೇಳಿ ಪ್ರಾಣ ಬಿಡುತ್ತಾನೆ. ಪ್ರಾಣೇಶಾಚಾರ್ಯರು ಮೇಳಿಗೆಯ ತೇರಿನವರೆಗೆ ಅಲೆದು, ಸೂತಕದಲ್ಲಿಯೇ ಪಂಕ್ತಿಯಲ್ಲಿ ಕುಳಿತು, ಕಡೆಗೆ ದೂರ್ವಾಸಪುರದ ಕಡೆಗೆ ಹೊರಟ ಗಾಡಿ ಹತ್ತುತ್ತಾರೆ. ಹೇಳಿದರೋ ಇಲ್ಲವೋ ಕಾದಂಬರಿ ತಿಳಿಸುವುದಿಲ್ಲ. ಅಗ್ರಹಾರಕ್ಕೆ ಯಾರ ಹೆಸರಿದೆಯೋ ಆ ದೂರ್ವಾಸರ ಕಥೆಯನ್ನು ಭಾಗವತದ ನವಮಸ್ಕಂಧ ಪೂರ್ತಿಯಾಗಿ ಹೇಳಿದೆ. ದ್ವಾದಶಿಯ ದಿನ ಅಂಬರೀಷನಿಗೆ ಅಪರಾಧವೆಸಗಿ ಚಕ್ರದಿಂದ ಬೆನ್ನಟ್ಟಲ್ಪಟ್ಟ ಋಷಿಗಳು ಬ್ರಹ್ಮನ ಬಳಿ, ರುದ್ರನ ಬಳಿ, ಕಡೆಗೆ ವೈಕುಂಠಕ್ಕೂ ಓಡಿದರು. ಸಾಕ್ಷಾತ್ ಶ್ರೀಹರಿಯೇ ಅವರನ್ನು ಅಂಬರೀಷನ ಬಳಿಗೆ ಹಿಂದಕ್ಕೆ ಕಳುಹಿಸಿದನು. ಅವರು ಬಂದು ಕಾಲು ಹಿಡಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಆ ವರ್ಷವಿಡೀ ಅರಸನು ನೀರನ್ನಷ್ಟೇ ಸ್ವೀಕರಿಸಿ, ಅತಿಥಿಗಳು ಊಟಕ್ಕೆ ಬಂದಾರೆಂದು ಕಾದಿದ್ದನು.